ಏಕವಚನದ ಜಗಳ, ಬಹುವಚನದ ಮರ್ಯಾದೆ

ಕೆಟ್ಟ ಶಬ್ದ ಒಂದೂ ಇಲ್ಲದ ಬೈಗುಳವೊಂದು ಕನ್ನಡದಲ್ಲುಂಟು. 'ಅವನು ನನಗೆ ಏಕವಚನದಲ್ಲಿ ಮಾತಾಡಿದ' ಎಂದರೆ ಸಾಕು, ಆದ ಅವಮಾನ ಎಂಥದೆಂದು ಕೇಳಿದವರಿಗೆ ತಿಳಿಯುತ್ತದೆ. ಗ್ರಾಮ ಪಂಚಾಯ್ತಿಯ ಸಭೆಯಿಂದ ವಿಧಾನಸಭೆಯವರೆಗೆ ಇದೇ ಕಾರಣಕ್ಕೆ ಗದ್ದಲ ಎದ್ದದ್ದುಂಟು. 'ಏಕವಚನದಲ್ಲಿ ನಿಂದಿಸಿದರು' ಎಂಬ ಮಾತು ಪತ್ರಿಕೆಗಳ ವರದಿಗಳಲ್ಲಿಯೂ ಪೊಲೀಸರಿಗೆ ಕೊಡುವ ದೂರುಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಪ್ರಾಥಮಿಕ ಶಾಲೆಯ ವ್ಯಾಕರಣ ಪುಸ್ತಕದ ಒಂದು ಪಾರಿಭಾಷಿಕ ಪದ ಹೀಗೆ ಜಗಳಕ್ಕೂ ಮರ್ಯಾದೆಗೂ ಹೆಸರಾದದ್ದು ಕುತೂಹಲದ ಸಂಗತಿ.

ಈ ಜಗಳ ಹೆಚ್ಚಾಗಿ ಹೊತ್ತಿಕೊಳ್ಳುವುದು ಕ್ರಿಯಾಪದದ ಒಂದು ರೂಪದಲ್ಲಿ. ಶಾಲೆಯಲ್ಲಿ ಅದಕ್ಕೆ 'ವಿಧ್ಯರ್ಥ' ಎಂದು ಹೆಸರು. ಬಾ, ಹೋಗು, ಕೂಡು, ಕೊಡು ಎಂದು ಎದುರಿಗಿರುವವರಿಗೆ ಹೇಳುವ ಮಾತು ಅದು. 'ಅವನು ಬಂದ' ಎಂಬ ಮಾತು ಒಂದು ಸುದ್ದಿ. 'ಬಾ' ಎಂಬುದು ಸುದ್ದಿಯಲ್ಲ, ಇಬ್ಬರ ನಡುವಿನ ವ್ಯವಹಾರ. ಹೇಳುವವನು ಯಾರು, ಕೇಳುವವನು ಯಾರು, ಇವರಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬ ಲೆಕ್ಕ ಆ ಒಂದೆರಡು ಅಕ್ಷರಗಳಲ್ಲಿ ಮುಗಿದಿರುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಈ ರೂಪಕ್ಕೆ ಒಂದು ಉದ್ದನೆಯ ಚರಿತ್ರೆಯೇ ಇದೆ. ಕಲ್ಲಿನಲ್ಲಿ, ಕಾವ್ಯದಲ್ಲಿ, ಮಿಷನರಿಗಳ ಪಾಠದಲ್ಲಿ, ಸಂತೆಯ ಮಾತಿನಲ್ಲಿ ಅದರ ಗುರುತುಗಳು ಉಳಿದಿವೆ.

ಮಳೆ ಬರುತ್ತದೆ, ಬಂದೀತು, ಬರಲಿ

ಚರಿತ್ರೆಗೆ ಹೋಗುವ ಮೊದಲು ವ್ಯಾಕರಣವನ್ನು ಒಂದಿಷ್ಟು ನೋಡಬೇಕು. ಕ್ರಿಯಾಪದವು ಕಾಲವನ್ನು ಮಾತ್ರ ಹೇಳುವುದಿಲ್ಲ, ಆಡುವವನ ಮನಸ್ಸಿನ ಭಾವವನ್ನೂ ಹೇಳುತ್ತದೆ. ಕಪ್ಪತಗುಡ್ಡದ ಸುತ್ತಲಿನ ಮಳೆಯಾಶ್ರಿತ ಹೊಲಗಳ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಮಳಿ ಬರ್ತದ' ಎಂದರೆ ನಂಬಿಕೆ. 'ಮಳಿ ಬಂದೀತು' ಎಂದರೆ ಸಂಶಯ ಬೆರೆತ ಆಸೆ. 'ಮಳಿ ಬರಲಿ' ಎಂದರೆ ಹರಕೆ. 'ಬಾರಪಾ ಮಳಿರಾಯ' ಎಂದರೆ ಮೊರೆ. ಕ್ರಿಯೆ ಒಂದೇ ಆದರೂ ಭಾವ ಬೇರೆ ಬೇರೆ. ಶಾಲೆಯ ವ್ಯಾಕರಣ ಇವನ್ನು ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಮೂರು ಪಾಲು ಮಾಡಿ ಕಲಿಸುತ್ತದೆ. ಮಾಡಲಿ ಎಂಬುದು ಮೊದಲನೆಯದು, ಮಾಡನು ಎಂಬುದು ಎರಡನೆಯದು, ಮಾಡಿಯಾನು ಎಂಬುದು ಮೂರನೆಯದು.

'ವಿಧಿ' ಎಂಬ ಹೆಸರು ಸಂಸ್ಕೃತ ವ್ಯಾಕರಣದಿಂದ ಬಂದದ್ದು. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಸೂತ್ರವೊಂದರಲ್ಲಿ ಇಂಥ ಕ್ರಿಯಾರೂಪಕ್ಕೆ ಆರು ಅರ್ಥಗಳನ್ನು ಎಣಿಸಿದೆ: ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆ. ಕೆಳಗಿನವನಿಗೆ ಹೇಳುವ ಅಪ್ಪಣೆ ವಿಧಿ. ಒಲ್ಲೆನೆನ್ನಲು ಬಾರದ ಕರೆ ನಿಮಂತ್ರಣ. ಬರುವುದೂ ಬಿಡುವುದೂ ಕೇಳಿದವನ ಇಚ್ಛೆಗೆ ಬಿಟ್ಟ ಕರೆ ಆಮಂತ್ರಣ. ಗೌರವದಿಂದ ಹಿರಿಯರನ್ನು ಕೆಲಸಕ್ಕೆ ಕೇಳಿಕೊಳ್ಳುವುದು ಅಧೀಷ್ಟ. ಮಾಡಲೋ ಬೇಡವೋ ಎಂದು ವಿಚಾರಿಸುವುದು ಸಂಪ್ರಶ್ನ. ಬೇಡಿಕೊಳ್ಳುವುದು ಪ್ರಾರ್ಥನೆ.

ಮದುವೆಯ ಕಾಗದದ ಮೇಲೆ 'ಆಮಂತ್ರಣ ಪತ್ರಿಕೆ' ಎಂದು ಅಚ್ಚು ಹಾಕಿಸುವವರು ಈ ಭೇದವನ್ನು ನೆನೆಯುವುದಿಲ್ಲ. ಆದರೂ ಶಬ್ದ ಸರಿಯಾಗಿಯೇ ಇದೆ. ಬನ್ನಿ ಎನ್ನುತ್ತದೆ, ಬರಲೇಬೇಕೆಂದು ಕಟ್ಟು ಹಾಕುವುದಿಲ್ಲ. ಅಪ್ಪಣೆಯ ರೂಪವು ಬರೀ ಅಪ್ಪಣೆಯದಲ್ಲ, ಕೋರಿಕೆ, ಆಶೀರ್ವಾದ, ಶಾಪ, ಮೊರೆಗಳೂ ಅದೇ ಮನೆಯಲ್ಲಿ ವಾಸವಾಗಿವೆ ಎಂಬುದು ವೈಯಾಕರಣರಿಗೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತಿಳಿದಿತ್ತು.

ತಿರುಳ್ಗನ್ನಡದ ನಾಡು

ಕನ್ನಡದ ಮಟ್ಟಿಗೆ ಈ ಚರ್ಚೆಯನ್ನು ಗದಗ ಸೀಮೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ನೂರು ವರ್ಷಗಳ ತರುವಾಯ ಪಂಪನು ತನ್ನ ಭಾರತದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟಿದ್ದಾನೆ. ಗದಗಿನ ಹತ್ತಿರದ ಮುಳಗುಂದದಲ್ಲಿ ಬಾಳಿದ ನಯಸೇನನು 1112ರಲ್ಲಿ ಧರ್ಮಾಮೃತವನ್ನು ಮುಗಿಸಿದ. ಸಂಸ್ಕೃತದ ಮಿತಿಮೀರಿದ ಬೆರಕೆಯನ್ನು ಹಾಸ್ಯ ಮಾಡಿ, ಜನ ಆಡುವ ಕನ್ನಡದ ಸೊಗಸನ್ನು ಎತ್ತಿ ಹಿಡಿದವನು ಅವನು. ನಾಗವರ್ಮನ ಕರ್ನಾಟಕ ಭಾಷಾಭೂಷಣದಲ್ಲಿ ನಯಸೇನನೆಂಬ ವೈಯಾಕರಣನ ಹೆಸರು ಬರುತ್ತದೆ. ಇಬ್ಬರೂ ಒಬ್ಬನೇ ಎಂದು ಹೇಳುವ ವಿದ್ವಾಂಸರಿದ್ದಾರೆ.

ಆ ಹಳಗನ್ನಡದಲ್ಲಿ ಅಪ್ಪಣೆಯ ಲೆಕ್ಕ ಸರಳವಾಗಿತ್ತು. ಎದುರಿಗಿರುವವನು ಒಬ್ಬನಾದರೆ ಧಾತುವೇ ಸಾಕು: ಕೇಳ್, ಮಾಡು, ಬಾ. ಹಲವರಾದರೆ ಕೊನೆಗೆ 'ಇಂ' ಸೇರುತ್ತಿತ್ತು: ಕೇಳಿಂ, ಮಾಡಿಂ, ಬನ್ನಿಂ. ಎದುರಿಗಿಲ್ಲದ ಮೂರನೆಯವರ ವಿಷಯವಾದರೆ 'ಗೆ' ಅಥವಾ 'ಕೆ': ಗೆಲ್ಗೆ, ಬಾಳ್ಗೆ, ಅಕ್ಕೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದಾಗ ಆಖ್ಯಾತ ಪ್ರಕರಣವೆಂಬ ಒಂದು ಅಧ್ಯಾಯವನ್ನು ಕ್ರಿಯಾಪದಕ್ಕೇ ಮೀಸಲಿಟ್ಟು ಇಂಥ ಪ್ರತ್ಯಯಗಳನ್ನು ಕವಿಗಳ ಪ್ರಯೋಗಗಳೊಂದಿಗೆ ಜೋಡಿಸಿಟ್ಟನು.

ಇವುಗಳಲ್ಲಿ 'ಗೆ' ಎಂಬ ಪ್ರತ್ಯಯ ಮಾತಿನಿಂದ ಮಾಯವಾಗಿ ಶತಮಾನಗಳೇ ಆದವು. ಅದರ ಜಾಗಕ್ಕೆ 'ಅಲಿ' ಬಂದಿತು: ಗೆಲ್ಲಲಿ, ಬಾಳಲಿ, ಆಗಲಿ. ಆದರೂ ಒಂದು ಕಡೆ ಹಳೆಯ ರೂಪ ಜೀವಂತವಾಗಿದೆ. 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷವನ್ನು ಕೇಳದ ಕನ್ನಡಿಗರಿಲ್ಲ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಚಳವಳಿಯೊಡನೆ ಮನೆಮಾತಾದ ಘೋಷ ಅದು. ರಾಜ್ಯೋತ್ಸವದ ದಿನ ಅದನ್ನು ಕೂಗುವ ಶಾಲೆಯ ಹುಡುಗರು ತಮಗರಿಯದೆ ಹಳಗನ್ನಡದ ವಿಧ್ಯರ್ಥ ರೂಪವೊಂದನ್ನು ಉಚ್ಚರಿಸುತ್ತಾರೆ. ಅದು ಯಾರಿಗೂ ಕೊಟ್ಟ ಅಪ್ಪಣೆಯಲ್ಲ, ಒಂದು ಹಾರೈಕೆ.

ಕಲ್ಲಿನ ಮೇಲಿನ ಕಟ್ಟಳೆ

ಲಕ್ಷ್ಮೇಶ್ವರದ ಒಂದು ಕಂಬ ಶಾಸನವನ್ನು ಇಲ್ಲಿ ನೆನೆಯಬೇಕು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಪೊರಿಗೆರೆಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ವ್ಯವಸ್ಥೆ ಅದರಲ್ಲಿದೆ. ಪೊರಿಗೆರೆ ಎಂಬುದು ಪುಲಿಗೆರೆಯ ಇನ್ನೊಂದು ರೂಪ. ಶಾಸನವು ಇದನ್ನು 'ಆಚಾರವ್ಯವಸ್ಥೆ' ಎಂದು ಕರೆಯುತ್ತದೆ. ಭಾಷೆ ಕನ್ನಡ.

ಅರಸುಮನೆಯ ಅಪ್ಪಣೆಯೆಂದರೆ ಪ್ರಜೆಗಳು ಇಂಥದನ್ನು ಮಾಡಬೇಕು, ಇಂಥದನ್ನು ಬಿಡಬೇಕು ಎಂಬ ಪಟ್ಟಿ ಇರುವುದು ಸಹಜ. ಈ ಶಾಸನದಲ್ಲಿಯೂ ಮನೆಗಳ ಅಂತಸ್ತಿಗೆ ತಕ್ಕಂತೆ ಕೊಡಬೇಕಾದ ತೆರಿಗೆ, ತಪ್ಪುಗಳಿಗೆ ದಂಡ ಮುಂತಾದವು ಇವೆ. ಆದರೆ ಅದಕ್ಕೂ ಮೊದಲು ಅರಸನ ಅಧಿಕಾರಿಗಳು ಏನೇನನ್ನು ಕಾಪಾಡಬೇಕು, ಊರಿನವರ ಯಾವ ಹಕ್ಕುಗಳಿಗೆ ಮರ್ಯಾದೆ ಕೊಡಬೇಕು ಎಂಬುದೂ ಇದೆ. ಕಟ್ಟಳೆ ಎರಡೂ ಕಡೆಗೆ ಅನ್ವಯಿಸುತ್ತದೆ. ಹದಿಮೂರು ಶತಮಾನಗಳ ಹಿಂದೆ ಒಂದು ಊರು ಮತ್ತು ಅದನ್ನು ಆಳುವವನು ಕನ್ನಡದಲ್ಲಿ ಮಾಡಿಕೊಂಡ ಒಡಂಬಡಿಕೆಯೆಂದು ಚರಿತ್ರಕಾರರು ಇದಕ್ಕೆ ಬೆಲೆ ಕೊಡುತ್ತಾರೆ. 'ವಿಧಿ' ಎಂಬ ಶಬ್ದಕ್ಕೆ ಅಪ್ಪಣೆ ಎಂಬ ಅರ್ಥದ ಜೊತೆಗೆ ನಿಯಮ ಎಂಬ ಅರ್ಥವೂ ಇರುವುದು ಇಂಥ ಕಡೆ ಸ್ಪಷ್ಟವಾಗುತ್ತದೆ. ಅಪ್ಪಣೆ ಕೆಳಗಿನವನನ್ನು ಕಟ್ಟುತ್ತದೆ. ನಿಯಮ ಕೊಟ್ಟವನನ್ನೂ ಕಟ್ಟುತ್ತದೆ.

'ರಿ' ಎಂಬ ಒಂದಕ್ಷರ

ಹಳಗನ್ನಡದ 'ಬನ್ನಿಂ' ಎಂಬುದು ಹಲವರನ್ನು ಕರೆಯುವ ಮಾತು. ಒಬ್ಬನೇ ಇದ್ದರೂ ಹಲವರೆಂಬಂತೆ ಕರೆಯುವುದು ಮರ್ಯಾದೆಯೆನಿಸಿದ ಮೇಲೆ ಬಹುವಚನ ತನ್ನ ಎಣಿಕೆಯ ಕೆಲಸವನ್ನು ಬಿಟ್ಟು ಗೌರವದ ಕೆಲಸಕ್ಕೆ ನಿಂತಿತು. 'ಬನ್ನಿಂ' ಹೋಗಿ ದಕ್ಷಿಣದಲ್ಲಿ 'ಬನ್ನಿ' ಉಳಿಯಿತು. 'ಮಾಡಿರಿ' ಎಂಬ ರೂಪ ಉತ್ತರದಲ್ಲಿ ಕುಗ್ಗಿ 'ಮಾಡ್ರಿ' ಆಯಿತು. ಬರ್ರಿ, ಹೋಗ್ರಿ, ಕುಂಡ್ರಿ, ತಗೋರಿ ಎಂಬ ಮಾತುಗಳಿಲ್ಲದೆ ಗದಗಿನ ಬಸ್ ನಿಲ್ದಾಣದಲ್ಲಾಗಲಿ ಮುಂಡರಗಿಯ ಸಂತೆಯಲ್ಲಾಗಲಿ ಒಂದು ಗಳಿಗೆಯೂ ಕಳೆಯುವುದಿಲ್ಲ.

ಇಲ್ಲಿನ ವಿಶೇಷವೆಂದರೆ ಈ 'ರಿ' ಕ್ರಿಯಾಪದದಲ್ಲಿ ನಿಲ್ಲಲಿಲ್ಲ. ಹೌದ್ರಿ, ಇಲ್ಲರಿ, ಯಾಕ್ರಿ, ಎಷ್ಟ್ರಿ ಎಂದು ಸಿಕ್ಕಿದ ಶಬ್ದದ ಬೆನ್ನಿಗೆಲ್ಲ ಹತ್ತಿಕೊಂಡಿತು. 'ಹೌದು' ಎಂಬುದು ಯಾರಿಗೂ ಕೊಡುವ ಅಪ್ಪಣೆಯಲ್ಲ. 'ಎಷ್ಟು' ಎಂಬುದು ಕ್ರಿಯಾಪದವೇ ಅಲ್ಲ. ಕ್ರಿಯಾಪದದ ಬಾಲವಾಗಿದ್ದ ಅಕ್ಷರ ಇಡೀ ಮಾತಿನ ಮರ್ಯಾದೆಯ ಮುದ್ರೆಯಾಯಿತು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ಮಾಸ್ತರರೂ ಬ್ಯಾಂಕಿನ ನೌಕರರೂ ಇಲ್ಲಿ ಮೊದಲು ಕಲಿಯುವ ಪಾಠ ಇದೇ. ವ್ಯಾಕರಣದಲ್ಲಿ ತಪ್ಪಿಲ್ಲದ 'ಹೌದು' ಎಂಬ ಉತ್ತರ ಇಲ್ಲಿನ ಹಿರಿಯರ ಕಿವಿಗೆ ಬಿರುಸಾಗಿ ಕೇಳಬಹುದು. 'ಹೌದ್ರಿ' ಎಂದಾಗ ಮಾತು ತಣ್ಣಗಾಗುತ್ತದೆ.

ಹಾಗೆಂದು 'ರಿ' ಇಲ್ಲದ ಮಾತೆಲ್ಲ ಅಮರ್ಯಾದೆಯದಲ್ಲ. ತಾಯಿ ಮಗನನ್ನು 'ಬಾರ ಯಪ್ಪಾ' ಎನ್ನುತ್ತಾಳೆ. ಮಗ ತಾಯಿಯನ್ನು 'ಅವ್ವಾ ಬಾ' ಎನ್ನುತ್ತಾನೆ. ಗೆಳೆಯರ ನಡುವೆ 'ಬಾರಲೇ' ಎಂಬುದು ಸಲಿಗೆ. ದೇವರನ್ನು ಬಹುವಚನದಲ್ಲಿ ಕರೆಯುವ ಭಕ್ತರು ಕಡಿಮೆ. ಗದಗಿನ ವೀರನಾರಾಯಣನ ಮುಂದೆ ಕೈಮುಗಿದು ನಿಂತವನು ಕಾಪಾಡು ಎನ್ನುತ್ತಾನೆಯೇ ಹೊರತು ಕಾಪಾಡ್ರಿ ಎನ್ನುವುದಿಲ್ಲ. ತೀರ ಹತ್ತಿರದವರಿಗೂ ತೀರ ಕೆಳಗಿನವರಿಗೂ ಭಾಷೆ ಒಂದೇ ರೂಪವನ್ನು ಕೊಟ್ಟಿದೆ. ಜಗಳದ ಮೂಲ ಇರುವುದು ಇಲ್ಲಿಯೇ. ಹತ್ತಿರದವನಲ್ಲದವನು 'ಬಾ' ಎಂದಾಗ, ಕೇಳಿದವನಿಗೆ ಉಳಿಯುವ ಅರ್ಥ ಎರಡನೆಯದು.

ಇನ್ನೂ ಮೇಲಿನ ಮೆಟ್ಟಿಲೊಂದಿದೆ. ಶಿರಹಟ್ಟಿಯ ಫಕೀರೇಶ್ವರ ಮಠದಂಥ ಕಡೆ ಸ್ವಾಮಿಗಳನ್ನು ಭಕ್ತರು ಕರೆಯುವಾಗ 'ಬರ್ರಿ' ಎಂಬುದೂ ಸಾಲದು. 'ಅಜ್ಜಾರು ಬರಬೇಕು', 'ಬುದ್ಧಿಯವರು ದಯಮಾಡಿಸಬೇಕು' ಎನ್ನುತ್ತಾರೆ. ಎದುರಿಗಿರುವವರನ್ನೇ ಎದುರಿಗಿಲ್ಲದ ಮೂರನೆಯವರಂತೆ ಹೇಳುವ ರೀತಿ ಇದು. 'ತಾವು' ಎಂಬ ಸರ್ವನಾಮದ ಕಥೆಯೂ ಅದೇ. ಮೂಲದಲ್ಲಿ ಅದು 'ತಾನು' ಎಂಬುದರ ಬಹುವಚನ, ಮೂರನೆಯವರಿಗೆ ಸಲ್ಲುವ ಶಬ್ದ. ಮರ್ಯಾದೆ ಹೆಚ್ಚಿದಂತೆ ಎದುರಿನವರು ದೂರ ದೂರ ಸರಿಯುತ್ತಾರೆ.

ಇಟಲಿಯ ಪಾಠ

ಈ ತೊಡಕು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ದೂರದ ಇಟಲಿಯ ಭಾಷೆಯನ್ನು ಕಲಿಯುವವರು ಆರಂಭದ ಪಾಠಗಳನ್ನು ಮುಗಿಸಿ ಮಧ್ಯಮ ತರಗತಿಗೆ ಬಂದಾಗ ಎದುರಾಗುವ ದೊಡ್ಡ ಕಷ್ಟ ಇದೇ. ಅಲ್ಲಿ ಸಲಿಗೆಯ 'ನೀನು' ಎಂಬುದಕ್ಕೆ 'ತು' ಎನ್ನುತ್ತಾರೆ. ಮರ್ಯಾದೆಯ ಮಾತಿಗೆ 'ಲೇಯ್' ಎನ್ನುತ್ತಾರೆ. 'ಲೇಯ್' ಎಂದರೆ 'ಅವಳು' ಎಂದೂ ಅರ್ಥ. 'ತಮ್ಮ ಪ್ರಭುತ್ವ' ಎಂಬಂಥ ಹಳೆಯ ಗೌರವಪದವೊಂದು ಅಲ್ಲಿ ಸ್ತ್ರೀಲಿಂಗ. ಅದರಿಂದಾಗಿ ಗಂಡಸನ್ನು ಗೌರವಿಸುವಾಗಲೂ 'ಅವಳು' ಎಂಬ ಸರ್ವನಾಮವೇ ಬಂದಿತು. ನಮ್ಮ 'ತಾವು' ಹೇಗೋ ಹಾಗೆಯೇ ಅದೂ ಮೂರನೆಯವರ ಶಬ್ದ.

ಮೂರನೆಯವರಿಗೆ ನೇರವಾಗಿ ಅಪ್ಪಣೆ ಕೊಡಲಾಗದು. ಆದ್ದರಿಂದ ಇಟಾಲಿಯನ್ ಭಾಷೆ ಆಶಯ, ಸಂಭಾವನೆಗಳನ್ನು ಹೇಳುವ ಕ್ರಿಯಾರೂಪವನ್ನು ಎರವಲು ತಂದು ಮರ್ಯಾದೆಯ ಅಪ್ಪಣೆ ಮಾಡಿತು. ಸಲಿಗೆಯಲ್ಲಿ ಬಾ ಎನ್ನಲು 'ವ್ಯೇನಿ', ಗೌರವದಲ್ಲಿ 'ವೆಂಗಾ'. ನಮ್ಮ 'ಅಜ್ಜಾರು ಬರಲಿ' ಎಂಬ ಮಾತಿನ ಅಣ್ಣತಮ್ಮ ಅದು. ಕಲಿಯುವವರನ್ನು ಗೋಳಾಡಿಸುವುದು ಸ್ವರಗಳ ಅದಲುಬದಲು. ಮಾತಾಡು ಎಂಬ ಧಾತುವಿಗೆ 'ಪಾರ್ಲಾ' ಎಂದರೆ ಸಲಿಗೆ, 'ಪಾರ್ಲಿ' ಎಂದರೆ ಮರ್ಯಾದೆ. ತಗೋ ಎಂಬ ಧಾತುವಿಗೆ ತಲೆಕೆಳಗು: 'ಪ್ರೆಂದಿ' ಎಂದರೆ ಸಲಿಗೆ, 'ಪ್ರೆಂದಾ' ಎಂದರೆ ಮರ್ಯಾದೆ. ಕೊನೆಯ ಒಂದು ಸ್ವರ ತಪ್ಪಿದರೆ ಅಪರಿಚಿತ ಹಿರಿಯರನ್ನು ಹೆಗಲ ಮೇಲೆ ಕೈಹಾಕಿ ಮಾತಾಡಿಸಿದಂತಾಗುತ್ತದೆ.

ಬೇಡ ಎನ್ನುವ ರೀತಿಯಲ್ಲಿ ಕನ್ನಡಕ್ಕೂ ಇಟಾಲಿಯನ್ನಿಗೂ ಇನ್ನೊಂದು ಹೋಲಿಕೆಯಿದೆ. ಸಲಿಗೆಯಲ್ಲಿ 'ಮಾತಾಡಬೇಡ' ಎನ್ನಲು ಅವರು ಅಪ್ಪಣೆಯ ರೂಪವನ್ನು ಬಿಟ್ಟು 'ಮಾತಾಡುವುದು' ಎಂಬಂಥ ಕಾಲವಿಲ್ಲದ ರೂಪಕ್ಕೆ ಇಲ್ಲವೆಂಬ ಶಬ್ದವನ್ನು ಹಚ್ಚುತ್ತಾರೆ: 'ನೋನ್ ಪಾರ್ಲಾರೆ'. ಕನ್ನಡವೂ 'ಮಾತಾಡು' ಎಂಬುದಕ್ಕೆ ನೇರವಾಗಿ ಇಲ್ಲವೆಂದು ಹಚ್ಚುವುದಿಲ್ಲ. 'ಮಾತಾಡ' ಎಂಬ ಕಾಲವಿಲ್ಲದ ರೂಪಕ್ಕೆ 'ಬೇಡ' ಸೇರಿಸುತ್ತದೆ. ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ. 'ಹೋಗೋಣ' ಎನ್ನಲು ಅವರಲ್ಲಿ 'ಆಂದ್ಯಾಮೊ' ಎಂಬ ರೂಪವಿದೆ, ನಮ್ಮಲ್ಲಿ 'ಹೋಗೂಣು' ಇದೆ. ಅಪ್ಪಣೆಗಳಲ್ಲಿ ಹೇಳುವವನು ತನ್ನನ್ನೂ ಸೇರಿಸಿಕೊಳ್ಳುವ ರೂಪ ಇದೊಂದೇ.

ಹೊರಗಿನವರು ಕಲಿತ ಕನ್ನಡ

ಇಟಲಿಯವರು ಕನ್ನಡ ಕಲಿತ ಉದಾಹರಣೆಯೂ ಹಳೆಯದೇ. ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಕನ್ನಡ ಕಲಿತು ವ್ಯಾಕರಣವನ್ನೂ ಶಬ್ದಕೋಶವನ್ನೂ ಧರ್ಮಬೋಧೆಯ ಪುಸ್ತಕವನ್ನೂ ಬರೆದರು. ತಮ್ಮ ಭಾಷೆಯಲ್ಲಿಯೇ 'ತು', 'ಲೇಯ್' ಭೇದವನ್ನು ಕಂಡಿದ್ದವರಿಗೆ 'ನೀನು', 'ನೀವು', 'ತಾವು' ಎಂಬ ಮೆಟ್ಟಿಲುಗಳು ತೀರ ಹೊಸವೆನಿಸಿರಲಾರವು.

ಆಂಗ್ಲರ ಕಾಲದಲ್ಲಿ ಕನ್ನಡ ವ್ಯಾಕರಣಗಳು ಅಚ್ಚಾಗತೊಡಗಿದವು. ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಸಿರಾಂಪುರದಿಂದ ಹೊರಬಂದಿತು. ಮದರಾಸು ಸರಕಾರದ ನೌಕರಿಯಲ್ಲಿದ್ದ ಮೆಕೆರೆಲ್ಲನ ವ್ಯಾಕರಣ 1820ರಲ್ಲಿ ಬಂದಿತು. ಇಂಗ್ಲಿಷಿನಲ್ಲಿ 'ನೀನು', 'ನೀವು' ಎಂಬ ಭೇದ ಆ ಹೊತ್ತಿಗೆ ಮಾತಿನಿಂದ ಅಳಿದುಹೋಗಿತ್ತು. ಆಳುವವನಾಗಿ ಬಂದ ಅಧಿಕಾರಿಗೆ ಯಾರನ್ನು ಹೇಗೆ ಕರೆಯಬೇಕೆಂಬುದು ಭಾಷೆಯ ಪ್ರಶ್ನೆಯಷ್ಟೇ ಆಗಿರಲಿಲ್ಲ, ಆಡಳಿತದ ಪ್ರಶ್ನೆಯೂ ಆಗಿತ್ತು. ದೇಸಾಯರನ್ನು ಏಕವಚನದಲ್ಲಿ ಕರೆದರೆ ವೈರ ಕಟ್ಟಿಕೊಂಡಂತೆ. ಬ್ರಿಟಿಷ್ ಇಂಡಿಯಾದಲ್ಲಿ ಬಿಳಿಯರಿಗಾಗಿ ಸಿದ್ಧವಾದ ಭಾಷಾ ಕೈಪಿಡಿಗಳಲ್ಲಿ ಆಳುಕಾಳುಗಳಿಗೆ ಕೊಡುವ ಅಪ್ಪಣೆಗಳಿಗೆ ಸಾಕಷ್ಟು ಜಾಗ ಸಿಗುತ್ತಿತ್ತು. ನೀರು ತಾ, ಕುದುರೆ ತಾ, ಬಾಗಿಲು ಹಾಕು ಎಂಬಂಥ ವಾಕ್ಯಗಳಿಂದ ಒಂದು ಜನದ ಭಾಷೆಯನ್ನು ಕಲಿತವನು ಆ ಜನರನ್ನು ಹೇಗೆ ಕಂಡಾನೆಂದು ಊಹಿಸುವುದು ಕಷ್ಟವಲ್ಲ.

ಬಾಸೆಲ್ ಮಿಷನ್ನಿನವರ ದಾರಿ ಸ್ವಲ್ಪ ಬೇರೆಯಾಗಿತ್ತು. ಅವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು, 1840ರ ದಶಕದ ಆರಂಭದಲ್ಲಿ ಬೆಟಗೇರಿಯಲ್ಲಿಯೂ ಸಮೀಪದ ಮಲಸಮುದ್ರದಲ್ಲಿಯೂ ನೆಲೆ ಮಾಡಿಕೊಂಡರು. ಬೆಟಗೇರಿ ನೇಕಾರರ ಊರು. ಮನೆಮನೆಗೆ ಹೋಗಿ ಮಾತಾಡಬೇಕಾದ ಪಾದ್ರಿಗೆ ಆಳಿಗೆ ಹೇಳುವ 'ಬಾ'ದಿಂದ ಕೆಲಸ ಸಾಗದು. ಇವರಲ್ಲಿ ಹೆಚ್ಚಿನವರು ಜರ್ಮನ್ ಮಾತಾಡುವವರು. ಅವರ ಭಾಷೆಯಲ್ಲಿ ಮರ್ಯಾದೆಯ ಶಬ್ದ 'ಅವರು' ಎಂಬ ಮೂರನೆಯವರ ಬಹುವಚನದಿಂದ ಬಂದದ್ದು. ಕನ್ನಡದಲ್ಲಿ ಅದನ್ನು 'ನೀವು' ಎಂದು ಎರಡನೆಯವರ ಕಡೆಗೆ ತಿರುಗಿಸಿಕೊಳ್ಳಬೇಕಾಗಿತ್ತು.

ಈ ಮಿಷನ್ನಿಗಾಗಿಯೇ 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ಲರು ಕನ್ನಡದ ದೊಡ್ಡ ವಿದ್ವಾಂಸರಾದರು. 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಅವರ ಪ್ರಸಿದ್ಧ ನಿಘಂಟು ಬಂದಿತು. 1903ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಅನುಕೂಲವಿದೆ. ಕೇಶಿರಾಜನು ಕವಿಗಳ ಬಳಕೆಯನ್ನು ಆಧಾರವಾಗಿ 'ಗೆಲ್ಗೆ' ಎಂಬ ರೂಪವನ್ನು ವಿವರಿಸಿದ್ದ. ಕಿಟೆಲ್ಲರಿಗೆ ಕವಿಯ 'ಬನ್ನಿಂ' ಬೇಕಾದಂತೆ ಜನರ 'ಬನ್ನಿರಿ'ಯೂ ಬೇಕಾಗಿತ್ತು.

ಹುಕುಂ ಮತ್ತು ತಕ್ಕದ್ದು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆ ಒಂದೇ ಆಡಳಿತದಲ್ಲಿರಲಿಲ್ಲ. ಗದಗ ಮುಂಬಯಿ ಇಲಾಖೆಗೆ ಸೇರಿತ್ತು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದಾಗಿತ್ತು. ಸಂಸ್ಥಾನಗಳ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯ. ತಿರುಳ್ಗನ್ನಡದ ಪುಲಿಗೆರೆಗೆ ಬರುವ ಅಪ್ಪಣೆಗಳೇ ಇನ್ನೊಂದು ಭಾಷೆಯವು. 'ಹುಕುಂ' ಎಂಬ ಅರಬ್ಬಿ ಮೂಲದ ಶಬ್ದ ಕನ್ನಡದ ಬಾಯಿಗೆ ಎಷ್ಟು ಒಗ್ಗಿತೆಂದರೆ ಅದಕ್ಕೆ ಕನ್ನಡದ ಶಬ್ದ ಯಾವುದೆಂದು ಯೋಚಿಸಬೇಕಾಗುತ್ತದೆ.

ಅಪ್ಪಣೆ ಕೊಡುವುದು ವ್ಯಾಕರಣಕ್ಕೆ ಸೇರಿದ್ದು, ಪಾಲಿಸುವುದು ಸೇರಿದ್ದಲ್ಲ. 1857ರಲ್ಲಿ ಕುಂಪಣಿ ಸರಕಾರವು ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಹಲಗಲಿಯ ಬೇಡರು ಒಲ್ಲೆವೆಂದರು. ಮರುವರ್ಷ ಮುಂಡರಗಿಯ ಭೀಮರಾಯನು ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಅದೇ 1858ರಲ್ಲಿ ನರಗುಂದದ ಬಾಬಾಸಾಹೇಬನಿಗೆ ಗಲ್ಲಾಯಿತು. 'ಒಪ್ಪಿಸು' ಎಂಬ ಒಂದು ಕ್ರಿಯಾಪದಕ್ಕೆ ಈ ಸೀಮೆಯ ಜನ ಕೊಟ್ಟ ಉತ್ತರಗಳವು.

ಸ್ವಾತಂತ್ರ್ಯ ಬಂದು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, 1963ರ ಕಾಯಿದೆಯಿಂದ ಕನ್ನಡ ಆಡಳಿತ ಭಾಷೆಯೆನಿಸಿದ ಮೇಲೆ ಅಪ್ಪಣೆಗಳು ಕನ್ನಡಕ್ಕೆ ಮರಳಿದವು. ಆದರೆ ಕಚೇರಿಯ ಕನ್ನಡ ಬೇರೆಯೇ ಒಂದು ರೂಪವನ್ನು ಹಿಡಿಯಿತು. 'ಈ ಮೂಲಕ ಸೂಚಿಸಲಾಗಿದೆ', 'ಹಾಜರುಪಡಿಸತಕ್ಕದ್ದು', 'ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯಗಳಲ್ಲಿ ಹೇಳುವವರು ಯಾರೆಂಬುದೂ ಇಲ್ಲ, ಕೇಳುವವರು ಯಾರೆಂಬುದೂ ಇಲ್ಲ. ಏಕವಚನದ ದೂರು ಬರಲಾರದು ನಿಜ. ಆದರೆ ನಾಗರಿಕನಿಗೆ 'ಬರ್ರಿ, ಕುಂಡ್ರಿ' ಎನ್ನುವ ಸರಕಾರವೂ ಆ ವಾಕ್ಯಗಳಲ್ಲಿ ಇಲ್ಲ. ಪೊರಿಗೆರೆಯ ಶಾಸನದಲ್ಲಿ ಕೊಡುವವನ ಹೆಸರೂ ಪಡೆಯುವವರ ಹೆಸರೂ ಎದುರುಬದುರು ನಿಂತಿದ್ದವು.

ಯಾರಿಗೆ ಯಾವ ರೂಪ

ಇಷ್ಟೆಲ್ಲ ರೂಪಗಳಿರುವ ಭಾಷೆಯಲ್ಲಿ ಯಾರಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ವ್ಯಾಕರಣ ನಿರ್ಧರಿಸುವುದಿಲ್ಲ, ಸಮಾಜ ನಿರ್ಧರಿಸುತ್ತದೆ. ಹೆಂಡತಿ ಗಂಡನಿಗೆ 'ಬರ್ರಿ' ಎನ್ನುವುದು, ಗಂಡ ಹೆಂಡತಿಗೆ 'ಬಾ' ಎನ್ನುವುದು ಬಹುಕಾಲದ ಪದ್ಧತಿ. ಹೊಲದ ಒಡೆಯರ ಮನೆಯ ಹತ್ತು ವರ್ಷದ ಹುಡುಗ, ಕೂಲಿಗೆ ಬಂದ ಅರುವತ್ತರ ದಲಿತ ಹಿರಿಯನನ್ನು ಏಕವಚನದಲ್ಲಿ ಕರೆಯುವುದೂ ಅವನಿಂದ 'ಧಣೀರ, ಬರ್ರಿ' ಎನಿಸಿಕೊಳ್ಳುವುದೂ ಹಳ್ಳಿಗಳಲ್ಲಿ ಸಹಜವೆಂಬಂತೆ ನಡೆದುಬಂದಿತ್ತು. ಆ 'ಬಾ' ಎಂಬುದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. 1989ರ ದೌರ್ಜನ್ಯ ತಡೆ ಕಾಯಿದೆ ಪರಿಶಿಷ್ಟರನ್ನು ಬೇಕೆಂದು ಅವಮಾನಿಸುವುದನ್ನು ಅಪರಾಧವೆನ್ನುತ್ತದೆ. ಆದರೆ ದಿನನಿತ್ಯದ ಒಂದು ಕ್ರಿಯಾಪದದ ಕೊನೆಯಲ್ಲಿ ಒಂದಕ್ಷರ ಇಲ್ಲದಿರುವುದನ್ನು ಯಾವ ಕಾಯಿದೆ ಹಿಡಿದೀತು?

ಇದು ಇಂದು ಹೊಳೆದ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು, ಜನರನ್ನು ಹೇಗೆ ಕರೆಯುತ್ತೇವೆ ಎಂಬುದರಲ್ಲಿ ಸ್ವರ್ಗ-ನರಕಗಳನ್ನು ಕಂಡಿದ್ದರು. ದೊಡ್ಡವರಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆಯ ಕರೆಯನ್ನು ಕಾಯಕದ ಎಲ್ಲ ಜನಕ್ಕೂ ಹಂಚುವುದು ಶರಣರ ಚಳವಳಿಯ ಒಂದು ಭಾಗವಾಗಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳ ಕೊನೆಯಲ್ಲಿರುವ 'ಅಯ್ಯ'ನನ್ನು ಗಮನಿಸಿದರೆ ಸಾಕು.

ಮೇಲಿನಿಂದ ಅಪ್ಪಣೆ ಮಾಡಿ ಭಾಷೆಯ ಮರ್ಯಾದೆಯನ್ನು ತಿದ್ದಲು ಹೋದವರೂ ಉಂಟು. 1938ರಲ್ಲಿ ಮುಸ್ಸೋಲಿನಿಯ ಸರಕಾರ ಇಟಲಿಯಲ್ಲಿ 'ಲೇಯ್' ಎಂಬ ಗೌರವದ ಸರ್ವನಾಮವನ್ನೇ ಬಹಿಷ್ಕರಿಸಿತು. ಅದು ಪರದೇಶದ ಪ್ರಭಾವದಿಂದ ಬಂದದ್ದು, ಗುಲಾಮಗಿರಿಯ ಗುರುತು, ಎಲ್ಲರೂ 'ವೋಯ್' ಎಂದರೆ 'ನೀವು' ಎಂದೇ ಹೇಳಬೇಕೆಂಬುದು ಫ್ಯಾಸಿಸ್ಟರ ವಾದ. 'ಲೇಯ್' ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದು ತನ್ನ ಹೆಸರನ್ನು 'ಅನ್ನಾಬೆಲ್ಲಾ' ಎಂದು ಬದಲಿಸಿಕೊಳ್ಳಬೇಕಾಯಿತು. ಕಚೇರಿ, ಶಾಲೆಗಳಲ್ಲಿ ಹುಕುಂ ನಡೆಯಿತು, ಮನೆಗಳಲ್ಲಿ ನಡೆಯಲಿಲ್ಲ. 1943ರಲ್ಲಿ ಮುಸ್ಸೋಲಿನಿ ಅಧಿಕಾರ ಕಳೆದುಕೊಂಡ ಮೇಲೆ 'ಲೇಯ್' ತನ್ನಷ್ಟಕ್ಕೆ ಮರಳಿ ಬಂದಿತು. ಇಂದು ಇಟಾಲಿಯನ್ ಕಲಿಯುವವರು ತಲೆ ಕೆಡಿಸಿಕೊಳ್ಳುವುದು ಅಂದು ನಿಷೇಧಕ್ಕೆ ಒಳಗಾದ ಆ ರೂಪದೊಡನೆಯೇ.

ಗದಗ ಸೀಮೆಯಲ್ಲಿ ಬದಲಾವಣೆ ಬಂದದ್ದು ಹುಕುಂನಿಂದ ಅಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಎಲ್ಲ ಜಾತಿಯ ಮಕ್ಕಳ ಹೆಸರು ಒಂದೇ ಸಾಲಿನಲ್ಲಿ ಬಂದದ್ದರಿಂದ, ಮತದ ಚೀಟಿ ಎಲ್ಲರ ಕೈಗೂ ಸಿಕ್ಕದ್ದರಿಂದ, ಮೀಸಲಾತಿಯಿಂದ ಪಂಚಾಯ್ತಿಯ ಕುರ್ಚಿಯಲ್ಲಿ ದಲಿತರೂ ಹೆಣ್ಣುಮಕ್ಕಳೂ ಕುಳಿತದ್ದರಿಂದ ಆ ಒಂದಕ್ಷರ ಮೆಲ್ಲಗೆ ಕೆಳಗೆ ಇಳಿದು ಬರುತ್ತಿದೆ. ನಿನ್ನೆ 'ಬಾ' ಎಂದವರು ಅಧ್ಯಕ್ಷರ ಕುರ್ಚಿಯ ಮುಂದೆ 'ಹೌದ್ರಿ' ಎನ್ನಬೇಕಾಗುತ್ತದೆ. ಕೆಲವರಿಗೆ ಬಾಯಿ ತಡವರಿಸುತ್ತದೆ, ಕೆಲವರು ವಚನವೇ ಇಲ್ಲದ ಮಾತನ್ನು ಹುಡುಕಿ ಪಾರಾಗುತ್ತಾರೆ. ಬದಲಾವಣೆ ಪೂರ್ತಿಯಾಗಿಲ್ಲ ಎಂಬುದಕ್ಕೆ ಇಂಥ ತಡವರಿಕೆಗಳೇ ಸಾಕ್ಷಿ.

ಮಕ್ಕಳಿಗೆ ವಿಧ್ಯರ್ಥದ ಪಾಠ ಮಾಡುವಾಗ ಮಾಡು, ಮಾಡಿರಿ, ಮಾಡಲಿ ಎಂದು ಬಾಯಿಪಾಠ ಹಾಕಿಸುವುದು ರೂಢಿ. ಏಕವಚನ ಯಾವುದು, ಬಹುವಚನ ಯಾವುದು ಎಂಬ ಪ್ರಶ್ನೆಗೆ ಉತ್ತರ ಸರಿಯಾದರೆ ಅಂಕ ಸಿಗುತ್ತದೆ. ಆ ಬಹುವಚನ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಪತ್ರಿಕೆಯಲ್ಲಿ ಬರುವುದಿಲ್ಲ. ಅದಕ್ಕೆ ಉತ್ತರವನ್ನು ಮಕ್ಕಳು ಮನೆಯ ಹೊಸ್ತಿಲಲ್ಲಿ, ಹೊಲದ ಬದುವಿನಲ್ಲಿ, ಕೂಲಿಗೆ ಬಂದವರನ್ನು ದೊಡ್ಡವರು ಕರೆಯುವ ದನಿಯಲ್ಲಿ ಕಲಿಯುತ್ತಾರೆ.